ಊರಿನ ಓದುಮನೆಗೆ ಅನುದಾನ ಎಲ್ಲಿ ಕೇಳೋದು? 14 ಮೇಲ್ ಕಳಿಸಿದೆ, ಒಂದಕ್ಕೂ ಉತ್ತರ ಇಲ್ಲ

ಹಟ್ಟಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ಮಕ್ಕಳಿಗೆ ಸಂಜೆ ಓದುಮನೆ ನಡೆಸುತ್ತಿದ್ದೇವೆ. ಕೊರೊನಾ ಮುಗಿದು ಶಾಲೆ ತೆರೆದಾಗ ಐದನೇ ತರಗತಿ ಮಕ್ಕಳಿಗೆ ಒತ್ತಕ್ಷರ ಮರೆತೇ ಹೋಗಿತ್ತು. ಅಲ್ಲಿಂದ ಶುರುವಾದದ್ದು, ಈಗ ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟ್ರಸ್ಟ್ ಡೀಡ್ ನೋಂದಣಿ ಮಾಡಿಸಿದೆವು.

ತಿಂಗಳ ಖರ್ಚು ಸುಮಾರು 11,000 ರೂಪಾಯಿ. ಬಾಡಿಗೆ 1,800. ಇಬ್ಬರು ಅಕ್ಕಂದಿರಿಗೆ ತಲಾ 4,000. ಉಳಿದದ್ದು ಕರೆಂಟು, ಚಾಪೆ, ಹರಿದ ಪುಸ್ತಕ ಹೊಲಿಸೋದು ಇಂಥದ್ದು. ಇಷ್ಟು ದಿನ ನನ್ನ ಮತ್ತು ನಮ್ಮಣ್ಣನ ಸಂಬಳದಿಂದ ನಡೆಯಿತು. ಈಗ ಅಣ್ಣನಿಗೆ ಮದುವೆ. ಅರ್ಥ ಮಾಡಿಕೊಳ್ಳಿ.

ಬೆಂಗಳೂರಿನ 14 ಸಂಸ್ಥೆಗಳಿಗೆ ಮೇಲ್ ಹಾಕಿದೆ. ಒಂದೇ ಮೇಲ್, ವಿಳಾಸ ಮಾತ್ರ ಬದಲು. ಯಾರೂ ಉತ್ತರಿಸಲಿಲ್ಲ. ಆದರೆ ಕಳೆದ ವಾರ ಒಬ್ಬರು ಫೋನ್ ಮಾಡಿ, "25 ಲಕ್ಷ ಸಿಎಸ್‌ಆರ್ ಫಂಡ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ಕೊಡಿಸುತ್ತೇನೆ, ಫೈಲ್ ಚಾರ್ಜ್ 30,000 ಮೊದಲು ಹಾಕಿ" ಎಂದರು. ಹಾಕಬೇಕಾ? ಬೇರೆ ದಾರಿ ಇದೆಯಾ?

ಲೆಕ್ಕದ ಬುಕ್ಕು

ಹಾಕಬೇಡಿ. ಫಂಡ್ ಕೊಡುವವರು ಫಂಡ್ ಕೇಳುವವರ ಹತ್ತಿರ ದುಡ್ಡು ಕೇಳುವುದಿಲ್ಲ. ಇಂಥ ಫೋನ್ ವರ್ಷಕ್ಕೆ ಹತ್ತು ಬರುತ್ತವೆ. ಕೆಲವರು ಇನ್ನೂ ಮುಂದೆ ಹೋಗಿ "ಬಂದ ಹಣದಲ್ಲಿ ಅರ್ಧ ನಗದಾಗಿ ವಾಪಸ್ ಕೊಡಿ" ಅನ್ನುತ್ತಾರೆ. ಅಲ್ಲಿ ಸಹಿ ನಿಮ್ಮದು, ಜೈಲೂ ನಿಮ್ಮದು.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಟ್ರಸ್ಟುಗಳ ಲೆಕ್ಕ ನೋಡುವವನು. ದುಡ್ಡು ಎಲ್ಲಿ ಅಂತ ಆಮೇಲೆ ನೋಡೋಣ, ಮೊದಲು ಕಾಗದ ಎಲ್ಲಿ ಅಂತ ಹೇಳಿ. ಟ್ರಸ್ಟ್ ಹೆಸರಿನಲ್ಲಿ ಪಾನ್ ಇದೆಯಾ? ಟ್ರಸ್ಟ್ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದೆಯಾ, ಅದಕ್ಕೆ ಇಬ್ಬರ ಸಹಿ ಇದೆಯಾ? 12ಎ ಮತ್ತು 80ಜಿ ಆಗಿದೆಯಾ? ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಐಡಿ ತೆಗೆದಿದ್ದೀರಾ? ಆಡಿಟ್ ಎಷ್ಟು ವರ್ಷದ್ದಿದೆ?

12ಎ ಅಂದರೆ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಅಂದರೆ ಕೊಡುವವರಿಗೆ ವಿನಾಯಿತಿ. ಅರ್ಜಿ ಆನ್‌ಲೈನ್, ಸರ್ಕಾರಿ ಶುಲ್ಕ ಇಲ್ಲ. ದರ್ಪಣ್ ಐಡಿಗೂ ಶುಲ್ಕ ಇಲ್ಲ. ಅರ್ಜಿ ತುಂಬಿಕೊಟ್ಟ ಆಡಿಟರಿಗೆ ಅವರ ಫೀಸು ಕೊಡಿ, ಅದು ನ್ಯಾಯ. ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದು 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ನಂಬರುಗಳೇ ಬೇರೆ. ಆದರೆ ಜನರ ಬಾಯಲ್ಲಿ ಇನ್ನೂ ಬಹಳ ದಿನ ಟ್ವೆಲ್ವ್ ಎ, ಏಟಿ ಜಿ ಅಂತಲೇ ಇರುತ್ತದೆ.

ಡೀಡ್ ಒಮ್ಮೆ ತೆಗೆದು ಓದಿ. ಟ್ರಸ್ಟ್ ಮುಚ್ಚಿದರೆ ಉಳಿದ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು ಎಂಬ ಸಾಲು ಇದೆಯಾ ನೋಡಿ. ನಮ್ಮ ಕಡೆಯ ಒಂದು ಟ್ರಸ್ಟಿನವರು ಯಾರದೋ ಹಳೇ ಡೀಡನ್ನು ಹೆಸರು ಬದಲಿಸಿ ಟೈಪ್ ಮಾಡಿಸಿದ್ದರು. ಆ ಒಂದು ಸಾಲು ಬಿಟ್ಟುಹೋಗಿತ್ತು. ತಿದ್ದುಪಡಿ ಪತ್ರ, ಸ್ಟ್ಯಾಂಪು, ಐವರು ಟ್ರಸ್ಟಿಗಳನ್ನೂ ಒಂದೇ ದಿನ ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲಿಸುವುದು, ಅದರಲ್ಲಿ ಒಬ್ಬರು ಪುಣೆಯಲ್ಲಿ. ಏಳು ತಿಂಗಳು ಹೋಯಿತು.

ಹಟ್ಟಿ ಸೀಮೆಯವಳು

ಪಾನ್ ಇದೆ, ಖಾತೆ ಇದೆ. ಸಹಿ ನನ್ನದೊಂದೇ. 12ಎ ಮಾಡಿಸಿಲ್ಲ. ಆಡಿಟ್ ಇಲ್ಲ, ಆದರೆ ಖರ್ಚೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಸಾಕಾಗಲ್ವಾ?

ಲೆಕ್ಕದ ಬುಕ್ಕು

ನೋಟ್‌ಬುಕ್ ಇದೆ ಅಂದ್ರೆ ನೀವು ಅರ್ಧ ಜನರಿಗಿಂತ ಮುಂದಿದ್ದೀರಿ. ಬಿಲ್ಲುಗಳಿದ್ದರೆ ಅದರ ಜೊತೆ ಪಿನ್ ಹಾಕಿ ಇಡಿ. ಅಕ್ಕಂದಿರಿಗೆ ಈ ತಿಂಗಳಿಂದ ಖಾತೆಗೇ ಹಾಕಿ, ಕೈಗೆ ಕೊಡಬೇಡಿ. ಸಹಿಗೆ ಇನ್ನೊಬ್ಬರನ್ನು ಸೇರಿಸಿ. ಅದು ಅಣ್ಣ ಆಗದಿದ್ದರೆ ಒಳ್ಳೆಯದು. ಟ್ರಸ್ಟಿಗಳೆಲ್ಲ ಒಂದೇ ಮನೆಯವರಾದರೆ ನೋಡುವವರಿಗೆ ಅದು ಮನೆ ವ್ಯವಹಾರದ ಹಾಗೆ ಕಾಣುತ್ತದೆ.

ಟೇಬಲ್ಲಿನ ಆಚೆ ಬದಿ

ನಾನು ಕೆಲವು ವರ್ಷ ಒಂದು ಕಂಪನಿಯ ಸಿಎಸ್‌ಆರ್ ತಂಡದಲ್ಲಿದ್ದೆ. 14 ಮೇಲ್‌ಗೂ ಉತ್ತರ ಯಾಕೆ ಬರಲಿಲ್ಲ ಅಂತ ಸ್ವಲ್ಪ ಹೇಳಬಲ್ಲೆ.

2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಪ್ರಕಾರ, ನೆಟ್‌ವರ್ತ್ 500 ಕೋಟಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಬೇರೆ ಇದೆ. ಸಂಸ್ಥೆ ಆ ಕಂಪನಿಯದ್ದೇ ಅಲ್ಲದಿದ್ದರೆ, ಅದಕ್ಕೆ 12ಎ, 80ಜಿ ಜೊತೆಗೆ ಇಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು ಅಂತ ನಿಯಮ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. ಅದಕ್ಕೆ ಡಿಜಿಟಲ್ ಸಹಿ, ಸಿಎ ಅಥವಾ ಕಂಪನಿ ಸೆಕ್ರೆಟರಿಯಂಥವರ ದೃಢೀಕರಣ ಬೇಕು. ಈ ನಂಬರ್ ಇಲ್ಲದ ಮೇಲ್ ನನಗೆ ಬಂದರೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ ನಾನು ಏನೂ ಮಾಡುವ ಹಾಗಿರಲಿಲ್ಲ. ಉತ್ತರವನ್ನಾದರೂ ಬರೆಯಬಹುದಿತ್ತಲ್ಲ ಅಂದರೆ, ಹೌದು, ಬರೆಯಬೇಕಿತ್ತು.

ಎರಡನೆಯದು, ಬೆಂಗಳೂರಿಗೆ ಯಾಕೆ ಬರೆದಿರಿ? ಕಾಯ್ದೆಯಲ್ಲೇ ಕಂಪನಿ ತಾನು ಕೆಲಸ ಮಾಡುವ ಊರು, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಿದೆ. ನಿಮ್ಮ ತಾಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ಕರ್ನಾಟಕ ಸರ್ಕಾರದ್ದೇ ಕಂಪನಿ. ಹೆಸರಿನಲ್ಲೇ ಹಟ್ಟಿ ಇಟ್ಟುಕೊಂಡು ಇಂದಿರಾನಗರಕ್ಕೆ ಮೇಲ್ ಹಾಕಿದ್ದೀರಲ್ಲ! ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ನಮ್ಮ ರಾಜ್ಯದಿಂದ ಅದು ಮತ್ತು ಯಾದಗಿರಿ ಎರಡೇ. ಕೇಂದ್ರದ ಸಾರ್ವಜನಿಕ ವಲಯದ ಕಂಪನಿಗಳಿಗೆ ಇಂಥ ಜಿಲ್ಲೆಗಳಿಗೆ ಆದ್ಯತೆ ಕೊಡಿ ಎಂಬ ಸೂಚನೆಯೂ ಇದೆ. ಅದನ್ನು ಪತ್ರದ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಮೂರನೆಯದು, ದೊಡ್ಡ ಹೆಸರುಗಳ ಹಿಂದೆ ಎಲ್ಲರೂ ಓಡುತ್ತಾರೆ. ಸರಾಸರಿ ಲಾಭ 5 ಕೋಟಿ ಇರುವ ಕಂಪನಿ ಲೆಕ್ಕ ಹಾಕಿ: ಶೇ. 2 ಅಂದರೆ 10 ಲಕ್ಷ. ಸಿಎಸ್‌ಆರ್ ಮೊತ್ತ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಮಿತಿಯೂ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸಬಹುದು. ಅಂದರೆ ಮೂರ್ನಾಲ್ಕು ಜನ, ಬಹಳ ಸಲ ಒಂದೇ ಕುಟುಂಬದವರು. ಆ 10 ಲಕ್ಷವನ್ನು ಎಲ್ಲಿ ಖರ್ಚು ಮಾಡೋದು ಅಂತ ಅವರಿಗೂ ಮಾರ್ಚ್ ತಿಂಗಳಲ್ಲಿ ತಲೆಬಿಸಿ. ರಾಯಚೂರಿನ ಹತ್ತಿ, ಸಿಂಧನೂರು ಮಾನ್ವಿ ಕಡೆಯ ಅಕ್ಕಿ, ಇವುಗಳಲ್ಲಿ ಕಂಪನಿಯಾಗಿ ನೋಂದಣಿಯಾದವರು ಯಾರು ಅಂತ ಹುಡುಕಿ. ಪಾಲುದಾರಿಕೆ ಫರ್ಮುಗಳಿಗೆ ಈ ಕಾಯ್ದೆ ತಾಗುವುದಿಲ್ಲ.

ಕರಾವಳಿ ಕಾಗದ

ಎಷ್ಟು ಕೇಳಬೇಕು ಅಂತಲೂ ಹೇಳಿ. ನಮಗೆ ಒಬ್ಬರು "ಆಡಳಿತ ವೆಚ್ಚ ಶೇ. 5ಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ, ಕಾನೂನು" ಅಂದರು. ಹಾಗಾಗಿ ಟೀಚರ್ ಸಂಬಳವನ್ನೆಲ್ಲ ಬಜೆಟ್‌ನಿಂದ ತೆಗೆದೆವು.

ಟೇಬಲ್ಲಿನ ಆಚೆ ಬದಿ

ಅಯ್ಯೋ, ಈ ತಪ್ಪನ್ನು ಕಂಪನಿಯವರೂ ಮಾಡುತ್ತಾರೆ. ಆ ಶೇ. 5ರ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತ ಖರ್ಚಿಗೆ. ನಿಮ್ಮ ಯೋಜನೆಯನ್ನು ರೂಪಿಸಲು, ನಡೆಸಲು, ನೋಡಿಕೊಳ್ಳಲು ತಗಲುವ ಖರ್ಚು ಅದರೊಳಗೆ ಬರುವುದೇ ಇಲ್ಲ. ಪಾಠ ಹೇಳುವ ಟೀಚರಿನ ಸಂಬಳ ಅಂದರೆ ಅದೇ ಯೋಜನೆ. ಅದನ್ನು ತೆಗೆದರೆ ಉಳಿಯುವುದು ಕುರ್ಚಿ ಮೇಜು. ಮುಂದಿನ ಸಲ ಯಾರಾದರೂ ಹಾಗಂದರೆ 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮಗಳಲ್ಲಿ ಆಡಳಿತ ವೆಚ್ಚದ ವ್ಯಾಖ್ಯೆ ಓದಿ ತೋರಿಸಿ. ಮೆತ್ತಗೆ ತೋರಿಸಿ.

ಕಂಪನಿಗಳು ತಮ್ಮ ಸಿಎಸ್‌ಆರ್ ನೀತಿ, ಒಪ್ಪಿಕೊಂಡ ಯೋಜನೆಗಳನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಯಾವ ಜಿಲ್ಲೆಗೆ ಎಷ್ಟು, ಯಾವ ಸಂಸ್ಥೆ ಮೂಲಕ ಅಂತ 2022ರಲ್ಲಿ ನಮೂನೆ ಬದಲಾಗುವ ಮೊದಲಿನ ವಾರ್ಷಿಕ ವರದಿಗಳ ಕೊನೆಯ ಅನುಬಂಧದಲ್ಲಿ ಇರುತ್ತಿತ್ತು. ಒಂದು ಗಂಟೆ ಕೂತು ಅದನ್ನು ಓದಿದರೆ 14 ಮೇಲ್ ಬದಲು 3 ಪತ್ರ ಸಾಕು. ಅವರು ಸಂಸ್ಥೆಗಳಿಗೆ 2 ಲಕ್ಷ ಕೊಡುವವರಾ, 2 ಕೋಟಿ ಕೊಡುವವರಾ ಅಂತ ಅಲ್ಲೇ ಗೊತ್ತಾಗುತ್ತದೆ.

ಅಂದ ಹಾಗೆ ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣ ಅಂತ ಇದ್ದೇ ಇದೆ. ಸಾರ್ವಜನಿಕ ಗ್ರಂಥಾಲಯ ತೆರೆಯುವುದು ಅಂತಲೂ ಬೇರೆ ಇದೆ. ಓದುಮನೆಯನ್ನು ಎರಡರ ಕೆಳಗೂ ತೋರಿಸಬಹುದು.

ಮಲೆನಾಡ ಜೋರುಮಳೆ

ಎಲ್ಲರೂ ಹೇಗೆ ತಗೊಳ್ಳೋದು ಅಂತ ಹೇಳ್ತಿದ್ದೀರಿ. ತಗೊಂಡ ಮೇಲೆ ಏನಾಯಿತು ಅಂತ ನಾನು ಹೇಳುತ್ತೇನೆ.

ತೀರ್ಥಹಳ್ಳಿ ಕಡೆ ನಮ್ಮದೂ ಇಂಥದೇ ಒಂದು ಕೇಂದ್ರ ಇತ್ತು. ಮಕ್ಕಳಿಗೆ ಕಥೆ ಓದಿಸೋದು, ಅವರಿಂದ ಬರೆಸೋದು. ಒಂದು ಕಂಪನಿಯವರು ಬಂದರು, ತುಂಬಾ ಒಳ್ಳೆಯ ಜನ, ಸುಳ್ಳು ಹೇಳಲ್ಲ. ನಾವು ಕೇಳಿದ್ದು ಒಬ್ಬ ಕಾರ್ಯಕರ್ತೆಯ ಸಂಬಳ. ಅವರು ಕೊಟ್ಟಿದ್ದು 15 ಟ್ಯಾಬ್ಲೆಟ್. ಆ ವರ್ಷ ಅವರ ಗುರಿ 'ಡಿಜಿಟಲ್ ಕಲಿಕೆ' ಅಂತ ಇತ್ತು. ನಾವು ಬೇಡ ಅನ್ನಲಿಲ್ಲ. ಬೇಡ ಅನ್ನೋ ಧೈರ್ಯ ಬರಲಿಲ್ಲ ಅನ್ನೋದೇ ಸರಿ.

ಉದ್ಘಾಟನೆ ದಿನ ಮಳೆ. ಬ್ಯಾನರ್ ಒದ್ದೆಯಾಗಿ ಜೋತುಬಿತ್ತು ಅಂತ ಮಕ್ಕಳನ್ನು ಒಂದೂವರೆ ಗಂಟೆ ನಿಲ್ಲಿಸಿ ಫೋಟೋ ತೆಗೆದರು. ಆಮೇಲೆ ಶುರುವಾಯಿತು ವರದಿ. ಪ್ರತಿ ಮಗು ಟ್ಯಾಬ್ ಮೇಲೆ ಎಷ್ಟು ನಿಮಿಷ ಕೂತಿತು ಅಂತ ವಾರವಾರ ಎಕ್ಸೆಲ್ ತುಂಬಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇದ್ದರೆ ಅದೇ ಹಬ್ಬ. ಕಥೆ ಓದಿಸುತ್ತಿದ್ದ ಹುಡುಗಿ ಎಕ್ಸೆಲ್ ತುಂಬುವವಳಾದಳು. ಒಂದು ವರ್ಷಕ್ಕೆ ಅನುದಾನ ಮುಗಿಯಿತು, ಬ್ಯಾಟರಿಗಳು ಉಬ್ಬಿದವು, ಅವಳು ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿಗೆ ಸೇರಿದಳು. ಟ್ಯಾಬ್‌ಗಳು ಈಗಲೂ ನಮ್ಮನೆ ಅಟ್ಟದಲ್ಲಿವೆ. ಆಸ್ತಿ ರಿಜಿಸ್ಟರಿನಲ್ಲಿ ಇವೆಯಲ್ಲ, ಬಿಸಾಡೋ ಹಾಗೂ ಇಲ್ಲ.

ಹಾಗಾಗಿ ತಂಗಿ, ದುಡ್ಡು ಕೊಡುವವರು ಯಾರು ಅಂತ ಹುಡುಕುವ ಮೊದಲು ಏನು ಕೊಟ್ಟರೆ ಬೇಡ ಅನ್ನುತ್ತೀರಿ ಅಂತ ನಾಲ್ಕು ಜನ ಕೂತು ಬರೆದಿಟ್ಟುಕೊಳ್ಳಿ.

ಟೇಬಲ್ಲಿನ ಆಚೆ ಬದಿ

ಮಲೆನಾಡಿನವರ ಮಾತು ಚುಚ್ಚಿತು, ಯಾಕಂದ್ರೆ ಆ ಎಕ್ಸೆಲ್ ಹಾಳೆಯನ್ನು ನಾನೂ ಯಾರಿಗೋ ಕಳಿಸಿದ್ದೇನೆ. ಒಂದು ಮಾತು ಸೇರಿಸುತ್ತೇನೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ನಡೆಯುವ ಯೋಜನೆಗೆ ನಿಯಮದಲ್ಲೇ ಅವಕಾಶ ಇದೆ. ಮಾತುಕತೆಯ ಮೊದಲ ದಿನವೇ "ಒಂದು ವರ್ಷಕ್ಕೋ, ಮುಂದಕ್ಕೂ ಇದೆಯೋ" ಅಂತ ಕೇಳಿಬಿಡಿ. ಕೇಳಿದರೆ ತಪ್ಪಿಲ್ಲ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ನಾವು ಊರ ಶಾಲೆಯ ಹಳೇ ವಿದ್ಯಾರ್ಥಿಗಳು ಒಂದು ವಾಟ್ಸಾಪ್ ಗುಂಪಿನಲ್ಲಿ 22 ಜನ ಇದ್ದೇವೆ. ನಿಮ್ಮ ಬಗ್ಗೆ ಗುಂಪಿನಲ್ಲಿ ಹಾಕಲಾ? ಇಲ್ಲಿ ತಲಾ 50 ಡಾಲರ್ ಅಂದರೆ ಯಾರಿಗೂ ಹೊರೆಯಲ್ಲ. ಖಾತೆ ನಂಬರ್ ಕೊಟ್ಟರೆ ಇವತ್ತೇ ಕಳಿಸುತ್ತೇವೆ.

ಲೆಕ್ಕದ ಬುಕ್ಕು

ದಯವಿಟ್ಟು ನಿಲ್ಲಿಸಿ! ಕಳಿಸಬೇಡಿ.

ನಿಮ್ಮ 22 ಜನರಲ್ಲಿ ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡವರು ಎಷ್ಟು, ಅಮೆರಿಕದ ಪ್ರಜೆಗಳಾದವರು ಎಷ್ಟು? ಭಾರತದ ಪ್ರಜೆಯಾಗಿರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅದೇ ವ್ಯಕ್ತಿ ಅಲ್ಲಿನ ಪೌರತ್ವ ತಗೊಂಡು ಓಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವುದು) ಇಟ್ಟುಕೊಂಡಿದ್ದರೆ, ಹುಟ್ಟಿದ್ದು ಲಿಂಗಸುಗೂರಿನಲ್ಲೇ ಆದರೂ, ಅವರ ದುಡ್ಡು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ನಗದಾಗಿಯೂ ಇಲ್ಲ, ತಮ್ಮನ ಖಾತೆಗೆ ಹಾಕಿ ಅಲ್ಲಿಂದ ತಿರುಗಿಸುವುದೂ ಇಲ್ಲ.

ನೋಂದಣಿ ಮಾಡಿಸೋಣ ಅಂದರೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ಖರ್ಚು ತೋರಿಸಬೇಕು. ವರ್ಷಕ್ಕೆ 1,32,000 ಖರ್ಚು ಮಾಡುವ ಓದುಮನೆಗೆ ಅದು ದೂರದ ಮಾತು. ಮೇಲೆ 2020ರ ತಿದ್ದುಪಡಿ ಬಂದು ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ದುಡ್ಡು ಹಂಚುವ ಹಾಗಿಲ್ಲ. ಹಿಂದೆ ದೊಡ್ಡ ಸಂಸ್ಥೆಗಳು ಪಡೆದು ಹಳ್ಳಿಯ ಸಣ್ಣವರಿಗೆ ಕೊಡುತ್ತಿದ್ದವು. ಆ ಕಾಲುವೆ ಮುಚ್ಚಿತು.

ಎಡಿಸನ್ ಕನ್ನಡಿಗ

ಗುಂಪಿನಲ್ಲಿ ಕೇಳಿದೆ. 22ರಲ್ಲಿ 13 ಜನ ಇಲ್ಲಿನ ಪ್ರಜೆಗಳು, ನಾನೂ ಸೇರಿ. 9 ಜನರದ್ದು ಭಾರತದ ಪಾಸ್‌ಪೋರ್ಟ್. "ಊರಿಗೆ ಕೊಡೋಕೆ ನಮಗೆ ಯಾವ ಪಾಸ್‌ಪೋರ್ಟ್" ಅಂತ ಒಬ್ಬರು ಸಿಟ್ಟಾದರು. ನನಗೂ ಬೇಜಾರಾಯಿತು. ಆದರೆ ಓದುಮನೆಯವರಿಗೆ ತೊಂದರೆ ಬೇಡ. ಆ 9 ಜನ ಪಾಸ್‌ಪೋರ್ಟ್ ಪ್ರತಿ ಸಮೇತ ಕೊಡಲು ತಯಾರಿದ್ದಾರೆ. ಉಳಿದ ನಾವು ರಜೆಗೆ ಬಂದಾಗ ಮಕ್ಕಳ ಜೊತೆ ಕೂತು ಓದುತ್ತೇವೆ, ಅದಕ್ಕೆ ಯಾರ ಅನುಮತಿಯೂ ಬೇಡ ಅಲ್ವಾ?

ಲೆಕ್ಕದ ಬುಕ್ಕು

ಬೇಡ. 😀 ಆ 9 ಜನರ ಪಾಸ್‌ಪೋರ್ಟ್ ಪ್ರತಿ, ಒಂದು ಸಾಲಿನ ಪತ್ರ, ಬ್ಯಾಂಕ್ ವಿವರ ಫೈಲಿನಲ್ಲಿ ಇರಲಿ.

ಪಂಚಾಯ್ತಿ ಕಟ್ಟೆ

ಸರ್ಕಾರದ ಬಾಗಿಲನ್ನು ಯಾರೂ ಹೇಳಲೇ ಇಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಧನಸಹಾಯ ಕೊಡುತ್ತದೆ, ಅರ್ಜಿ ಸೇವಾ ಸಿಂಧು ಮೂಲಕ. ಅದು ನಾಟಕ, ಸಂಗೀತ, ಉತ್ಸವದಂಥ ಕೆಲಸಕ್ಕೆ ಹೊಂದುತ್ತದೆ. ನಿಮ್ಮ ಬಾಡಿಗೆ ಸಂಬಳಕ್ಕೆ ಅಲ್ಲ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಇದೂ ಕಟ್ಟಡ, ಕೊಠಡಿಯಂಥ ಬಾಳಿಕೆಯ ಆಸ್ತಿಗೆ. ಪ್ರತಿ ತಿಂಗಳ ಖರ್ಚಿಗೆ ಯಾವ ಶಾಸಕರ ನಿಧಿಯೂ ಬರುವುದಿಲ್ಲ, ಎಷ್ಟು ಸಲ ಹಾರ ಹಾಕಿದರೂ.

ಆದರೆ ಬಾಡಿಗೆ ಉಳಿಸುವ ದಾರಿ ಇದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ ಬಂದವು. ಈಗ ಅವೇ 'ಅರಿವು ಕೇಂದ್ರ'. ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರ ಸಂಜೆ ಬಾಗಿಲು ಹಾಕಿದ ಮೇಲೆ ಆ ಜಾಗ ಸುಮ್ನೆ ಇರುತ್ತದೆ. ಪಿಡಿಒ ಹತ್ತಿರ ಮಾತಾಡಿ, ಸಭೆಯಲ್ಲಿ ಠರಾವು ಮಾಡಿಸಿ. 1,800 ರೂಪಾಯಿ ಬಾಡಿಗೆ ಉಳಿದರೆ ಅದೂ ಅನುದಾನವೇ. ಆ ಠರಾವಿನ ನಕಲನ್ನು ಮುಂದೆ ಯಾವ ಕಂಪನಿಗೆ ಹೋದರೂ ಮೇಲಿಡಬಹುದು.

ಇನ್ನೊಂದು ಎಚ್ಚರಿಕೆ. ಸರ್ಕಾರಿ ದುಡ್ಡು ಬಹಳ ಸಲ ಕಾರ್ಯಕ್ರಮ ಮುಗಿದ ಮೇಲೆ ಬರುತ್ತದೆ. ನಾವೊಮ್ಮೆ ಒಂದು ಕಚೇರಿಯ ಮಾತು ನಂಬಿ ಮಕ್ಕಳ ಮೇಳ ಮಾಡಿದೆವು. ಶಾಮಿಯಾನದವನಿಗೆ ಹದಿನಾಲ್ಕು ತಿಂಗಳು ಮುಖ ತೋರಿಸದೆ ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಿದ್ದೆ.

ಚಿಕ್ಕಿ ಟೀಚರ್

ನಾನು ಸರ್ಕಾರಿ ಶಾಲೆ ಟೀಚರ್. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರ 'ಕಲಿ-ಕಲಿಸು' ಅಂತ ಇದೆ. ಕರ್ನಾಟಕದ ಸರ್ಕಾರಿ ಶಾಲೆ ಟೀಚರುಗಳಿಗೂ ಅದರಲ್ಲಿ ಅನುದಾನ ಕೊಟ್ಟಿದ್ದಾರೆ. ಊರಿನ ಕಲೆ, ಹಾಡು, ಕಥೆಯನ್ನು ಪಾಠದ ಜೊತೆ ಸೇರಿಸುವ ಕೆಲಸ. ನಿಮ್ಮ ಓದುಮನೆಗೆ ಬರುವ ಟೀಚರ್ ಯಾರಾದರೂ ಇದ್ದರೆ ಹೇಳಿ. ಆದರೆ ಒಂದು ಮಾತು, ಅಲ್ಲಿ ಹೋಗಿ ಬಾಡಿಗೆ ಕೇಳಬೇಡಿ. ಕಲೆಯ ಸಂಸ್ಥೆಗೆ ಕಲೆಯ ವಿಚಾರ, ಅರ್ಘ್ಯಂನಂಥವರಿಗೆ ನೀರಿನ ವಿಚಾರ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ಕಲ್ಯಾಣ ಕರ್ನಾಟಕದಲ್ಲಿ ಬಹಳ ವರ್ಷದಿಂದ ಶಿಕ್ಷಣದ ಕೆಲಸ ಮಾಡುತ್ತಿದ್ದಾರೆ. ಮೇಲ್ ಹಾಕುವುದಕ್ಕಿಂತ ಅಲ್ಲಿ ಕೆಲಸ ಮಾಡುವವರನ್ನು ಒಂದು ಸಂಜೆ ನಿಮ್ಮ ಓದುಮನೆಗೆ ಕರೆಯಿರಿ. ಏನೂ ಕೇಳಬೇಡಿ, ಸುಮ್ನೆ ನೋಡಲಿ.

ಹಟ್ಟಿ ಸೀಮೆಯವಳು

ತಲೆ ತಿರುಗುತ್ತಿದೆ, ಆದರೆ ಖುಷಿಯಾಗುತ್ತಿದೆ. ಒಂದು ಪುಟದ ಪತ್ರ ಬರೆದೆ. ಶುರು ಹೀಗಿದೆ, ನೋಡಿ ಹೇಳಿ:

"ಗ್ರಾಮೀಣ ಪ್ರದೇಶದ ಹಿಂದುಳಿದ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಯ ಮಹೋನ್ನತ ಧ್ಯೇಯದೊಂದಿಗೆ ನಮ್ಮ ಸಂಸ್ಥೆಯು ಅವಿರತ ಶ್ರಮಿಸುತ್ತಿದ್ದು, ತಾವು ಉದಾರ ಮನಸ್ಸಿನಿಂದ ಸಹಾಯಹಸ್ತ ಚಾಚಬೇಕಾಗಿ..."

ಟೇಬಲ್ಲಿನ ಆಚೆ ಬದಿ

ಇದನ್ನು ಯಾವ ಊರಿನವರು ಬೇಕಾದರೂ ಬರೆಯಬಹುದು. ನಿಮ್ಮ ಮೊದಲ ಪೋಸ್ಟ್ ಇದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು. ಒತ್ತಕ್ಷರ ಮರೆತ ಐದನೇ ತರಗತಿ ಮಕ್ಕಳು ಎಲ್ಲಿ ಹೋದರು? ಎಷ್ಟು ಮಕ್ಕಳು ಬರುತ್ತಾರೆ, ಎಷ್ಟೊತ್ತಿಗೆ, ಎಷ್ಟು ಪುಸ್ತಕ ಇವೆ, ಬಂದ ದಿನ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ?

ಹಟ್ಟಿ ಸೀಮೆಯವಳು

ಮತ್ತೆ ಬರೆದೆ:

"ಸೋಮವಾರದಿಂದ ಶನಿವಾರ, ಸಂಜೆ 5ರಿಂದ 7.30. 62 ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದೆ, ದಿನಕ್ಕೆ 40ರ ಆಸುಪಾಸು ಬರುತ್ತಾರೆ. ಹತ್ತಿ ಬಿಡಿಸುವ ಸಮಯದಲ್ಲಿ 20ಕ್ಕೆ ಇಳಿಯುತ್ತದೆ. 840 ಪುಸ್ತಕ ಇವೆ. ಜೂನ್‌ನಲ್ಲಿ 27 ಮಕ್ಕಳಿಗೆ ಒಂದು ಪ್ಯಾರಾ ತಡೆಯಿಲ್ಲದೆ ಓದಲು ಬರುತ್ತಿರಲಿಲ್ಲ. ಈಗ ಅವರಲ್ಲಿ 16 ಜನ ಓದುತ್ತಾರೆ. ಉಳಿದ 11 ಜನರಲ್ಲಿ 4 ಮಕ್ಕಳು ಅಪ್ಪ ಅಮ್ಮನ ಜೊತೆ ದುಡಿಯಲು ಊರು ಬಿಟ್ಟಿದ್ದಾರೆ. ವರ್ಷದ ಖರ್ಚು 1,32,000. ಅದರಲ್ಲಿ 96,000 ಇಬ್ಬರು ಅಕ್ಕಂದಿರ ಗೌರವಧನ. ನಿಮ್ಮಿಂದ ಕೇಳುತ್ತಿರುವುದು ಅದನ್ನೇ."

ಟೇಬಲ್ಲಿನ ಆಚೆ ಬದಿ

ಇದು ಬೇರೆಯೇ ಪತ್ರ. ಹತ್ತಿ ಬಿಡಿಸುವಾಗ 20ಕ್ಕೆ ಇಳಿಯುತ್ತದೆ ಎಂಬ ಸಾಲನ್ನು ಯಾರು ಹೇಳಿದರೂ ತೆಗೆಯಬೇಡಿ. ನಿಮ್ಮ ಉಳಿದ ಅಂಕಿಗಳನ್ನು ನಂಬುವಂತೆ ಮಾಡುವುದು ಅದೇ. ಆದರೆ ಅಕ್ಕಂದಿರಿಗೆ 4,000 ಕಡಿಮೆ. 6,000 ಅಂತ ಕೇಳಿ. ಸಣ್ಣ ಸಂಸ್ಥೆಗಳು ತಮ್ಮ ಬಡತನವನ್ನೇ ಬಜೆಟ್ ಅಂತ ಬರೆದು ಕೊಡುತ್ತವೆ.

ಧಾರವಾಡ ಪೇಡೆ

ಇಷ್ಟು ಹೊತ್ತು ಓದಿ ನನಗೆ ಅನ್ನಿಸಿದ್ದು: 12ಎ ಆಗಿ, ಟ್ರಸ್ಟಿಗೆ ಮೂರು ವರ್ಷ ತುಂಬಿ, ಕಂಪನಿ ಒಪ್ಪುವ ತನಕ ಈ ತಿಂಗಳ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?

ನಮ್ಮ ಅಜ್ಜ ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರ ಮನೆ. ಯಾರಿಗೂ ಭಾರ ಆಗುತ್ತಿರಲಿಲ್ಲ. ನಾವು ನಮ್ಮ ಓಣಿಯ ಹೊಲಿಗೆ ತರಬೇತಿ ಕೇಂದ್ರಕ್ಕೆ ಇದನ್ನೇ ಮಾಡಿದೆವು. 11,000 ಅಂದರೆ ದೊಡ್ಡದಾಗಿ ಕಾಣುತ್ತದೆ. 30ರಿಂದ ಭಾಗಿಸಿ, ದಿನಕ್ಕೆ 367 ರೂಪಾಯಿ. "ತಿಂಗಳಲ್ಲಿ ಒಂದು ದಿನ ನಿಮ್ಮದು" ಅಂತ ಒಂದೊಂದು ಮನೆಗೆ ಹೋಗಿ ಕೇಳಿ. ನಾವು ಗೋಡೆ ಮೇಲೆ 30 ಚೌಕ ಬರೆದು ತಾರೀಖು ಹಾಕಿದ್ದೆವು. ಮಗ ಹುಟ್ಟಿದ ತಾರೀಖು ಬೇಕು ಅಂತ ಇಬ್ಬರು ಜಗಳ ಆಡಿದರು! 80ಜಿ ಅಂತ ಯಾರೂ ಕೇಳಲೇ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ಆ ವಿನಾಯಿತಿ ಸಿಗುವುದೂ ಇಲ್ಲ.

ಪೇಟೆಯ ಸಹಕಾರಿ ಸಂಘ, ಗೊಬ್ಬರದ ಅಂಗಡಿಯವರು, ರೋಟರಿ, ಲಯನ್ಸ್ ಕ್ಲಬ್, ಇವರನ್ನೆಲ್ಲ ಬಿಡಬೇಡಿ. ಅವರು ದುಡ್ಡಿಗಿಂತ ಸಾಮಾನು ಕೊಡುವುದು ಜಾಸ್ತಿ. ಬೀರು ಬೇಕಾದರೆ ಬೀರು ಅಂತಲೇ ಕೇಳಿ.

ಲೆಕ್ಕದ ಬುಕ್ಕು

ರಸೀದಿ ಮಾತ್ರ ಕೊಡಲೇಬೇಕು, 367ಕ್ಕೂ. ಹೆಸರು, ವಿಳಾಸ ಇಲ್ಲದ ದೇಣಿಗೆಯ ರಾಶಿ ಬೆಳೆದರೆ ಆಮೇಲೆ ತೆರಿಗೆ ತಕರಾರು. 80ಜಿ ಬಂದ ಮೇಲೆ ದೇಣಿಗೆ ಕೊಟ್ಟವರ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ಆನ್‌ಲೈನ್ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ದಂಡ. 2,000 ರೂಪಾಯಿ ಮೀರಿದ ನಗದಿಗೆ 80ಜಿ ಇಲ್ಲ. ಯುಪಿಐ ಹಲಗೆಯ ಹಿಂದೆ ಟ್ರಸ್ಟಿನ ಖಾತೆ ಇರಲಿ, ನಿಮ್ಮ ಸ್ವಂತದ್ದಲ್ಲ.

ಹಟ್ಟಿ ಸೀಮೆಯವಳು

ಏಳು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಡೀಡಿನಲ್ಲಿ ಆ ಸಾಲು ಇತ್ತು, ಬಚಾವ್. 12ಎ, 80ಜಿಗೆ ಅರ್ಜಿ ಹೋಗಿದೆ. ಖಾತೆಗೆ ಎರಡನೇ ಸಹಿ ನಿವೃತ್ತ ಹೆಡ್‌ಮಾಸ್ತರರದ್ದು. ಅರಿವು ಕೇಂದ್ರದ ವಿಷಯ ಪಂಚಾಯ್ತಿ ಸಭೆಗೆ ಬಂತು, ಕೋರಂ ಇಲ್ಲ ಅಂತ ಮುಂದಕ್ಕೆ ಹೋಯಿತು.

ಗೋಡೆ ಮೇಲೆ ಚೌಕ ಬರೆದೆವು. 30ರಲ್ಲಿ 19 ತುಂಬಿವೆ. ಇಬ್ಬರು ದುಡ್ಡಿನ ಬದಲು ಜೋಳ ಕೊಡುತ್ತೇವೆ ಅಂದರು, ಅದನ್ನು ಅಕ್ಕಂದಿರೇ ಇಟ್ಟುಕೊಂಡು ಲೆಕ್ಕಕ್ಕೆ ಬರೆದರು. ಪಾಸ್‌ಪೋರ್ಟಿನ 9 ಜನರಲ್ಲಿ 6 ಜನರದ್ದು ಬಂದಿದೆ, ಫೈಲ್ ಮಾಡಿದ್ದೇನೆ.

ಸಿಂಧನೂರು ರಸ್ತೆಯ ಒಂದು ಕಂಪನಿಯ ಮಾಲೀಕರು ಪತ್ರ ಓದಿ ಕರೆದರು. ಕಾರಿನಿಂದ ಇಳಿದು ಬಂದು ಹಿಂದೆ ಚಾಪೆ ಮೇಲೆ ಕೂತರು. ಆವತ್ತು ಮಕ್ಕಳು 23 ಜನ ಮಾತ್ರ, ಹತ್ತಿ ಶುರುವಾಗಿದೆ. ಯಾಕೆ ಇಷ್ಟೇ ಅಂತ ಅವರು ಕೇಳಲಿಲ್ಲ, ಪತ್ರದಲ್ಲೇ ಇತ್ತಲ್ಲ. "ಮೂರು ವರ್ಷ ತುಂಬಿ ಆ ನಂಬರ್ ಬರಲಿ, ಸಂಬಳದ ವಿಷಯ ಆಗ ಮಾತಾಡೋಣ. ಅಲ್ಲಿ ತನಕ ಟಿವಿ ಹಾಕಿಸಿಕೊಡಲಾ, ದೊಡ್ಡದು?" ಅಂದರು. ಮಲೆನಾಡಿನವರು ಹೇಳಿದ್ದು ನೆನಪಾಯಿತು. ಗಂಟಲು ಒಣಗಿತ್ತು, ಆದರೂ ಹೇಳಿದೆ: "ಟಿವಿ ಬೇಡ ಸರ್, ಬೇಕಾದರೆ ಒಂದು ಬೀರು ಕೊಡಿ." ನಕ್ಕರು. ಬೀರು ಬಂದಿದೆ, ಹಸಿರು ಬಣ್ಣದ್ದು, ಬಾಗಿಲು ಕಿರ್ ಅನ್ನುತ್ತದೆ.

ಮಲೆನಾಡ ಜೋರುಮಳೆ

ಬಾಗಿಲಿಗೆ ಕೊಬ್ಬರಿ ಎಣ್ಣೆ ಹಾಕಿ. ನನ್ನ ಅಟ್ಟದ 15 ಟ್ಯಾಬ್ ಯಾರಿಗಾದರೂ ಬೇಕಾ, ಕೇಳಿ.

ಲೆಕ್ಕದ ಬುಕ್ಕು

ಬೀರು ಆಸ್ತಿ ರಿಜಿಸ್ಟರಿಗೆ ಏರಿತಾ? ಜೋಳಕ್ಕೆ ಆ ದಿನದ ಮಾರುಕಟ್ಟೆ ದರ ಬರೆದಿದ್ದೀರಾ? ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿಸಿದ್ರಾ?

ಹಟ್ಟಿ ಸೀಮೆಯವಳು

ಮೊದಲ ಎರಡೂ ಆಗಿದೆ. ಕ್ರಮಸಂಖ್ಯೆ ಹಾಕಿಸಿದೆ, ಪ್ರಿಂಟಿನವರು 1ರಿಂದ 50 ಎರಡು ಸಲ ಹಾಕಿ ಕಳಿಸಿದ್ದಾರೆ. ನಾಳೆ ಮತ್ತೆ ಲಿಂಗಸುಗೂರಿಗೆ ಹೋಗಬೇಕು.